ಎರವಲು ಕೊಟ್ಟ ಹೆಸರು

ತಿಪಟೂರಿನಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯ ಅಟ್ಟದ ತುಂಬ ಮಾಲೀಕರ ತೆಂಗಿನಕಾಯಿ. ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿ. ಕೆಳಗಿನ ಒಲೆಯ ಹೊಗೆ ಅದಕ್ಕೆ ತಾಗಲಿ ಎಂದೇ ಬಾಡಿಗೆ ಕಮ್ಮಿ ಇಟ್ಟಿದ್ದರು. ನಾನು ಗ್ಯಾಸ್ ತಂದ ದಿನ ಮಾಲೀಕರು ಮುಖ ಊದಿಸಿಕೊಂಡರು. ಈ ಮನೆಯಲ್ಲಿ ನಮಗಿಂತ ಆ ಕಾಯಿಗೇ ಹಕ್ಕು ಜಾಸ್ತಿ ಎಂದು ನಾನು ಗಂಡನ ಮೇಲೆ ರೇಗುತ್ತಿದ್ದೆ. ಕಾಯಿ ಇಳಿಸುವ ದಿನ ಅನ್ನದ ಪಾತ್ರೆಯೊಳಗೂ ಧೂಳು. ಸ್ವಂತದ್ದೊಂದು ಮನೆ ಬೇಕೆಂಬ ಹುಚ್ಚು ನನಗೆ ಹಿಡಿದದ್ದು ಅಲ್ಲಿಯೇ.

ನಾನು ಕಾಯಿಪುಡಿ ಫ್ಯಾಕ್ಟರಿಯಲ್ಲಿ ತೂಕ ಬರೆಯುವವಳು. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ತುರುವೇಕೆರೆ ರಸ್ತೆಯಲ್ಲಿ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ ಎಂದು ಗೊತ್ತಾದಾಗ ನನ್ನ ಸರ, ಬಳೆ, ಚೀಟಿಯ ದುಡ್ಡು ಎಲ್ಲವನ್ನೂ ಸೇರಿಸಿ ಮುಂಗಡ ಕೊಟ್ಟೆವು. ಛಾಪಾ ಕಾಗದದಲ್ಲಿ ಮೂರು ತಿಂಗಳ ಗಡುವು ಬರೆದಿತ್ತು. ಅಷ್ಟರೊಳಗೆ ಉಳಿದ ಹಣ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳದಿದ್ದರೆ ಮುಂಗಡ ವಾಪಸ್ಸಿಲ್ಲ. ಗಂಡ ಹಿಂದೆ ಮುಂದೆ ನೋಡಿದರು. ಬ್ಯಾಂಕಿನವರು ಸಾಲ ಕೊಡದೆ ಏನು ಮಾಡ್ತಾರೆ, ನಾವೇನು ಕಳ್ಳರಾ ಎಂದು ಗದರಿಸಿ ರುಜು ಹಾಕಿಸಿದವಳು ನಾನು.

ಸಾಲದ ಅರ್ಜಿ ನನ್ನ ಹೆಸರಲ್ಲೇ ಹಾಕಿದೆವು, ಸಂಬಳದ ಚೀಟಿ ಇದ್ದದ್ದು ನನಗೆ ಮಾತ್ರ. ಎರಡು ತಿಂಗಳು ಕಾಗದಪತ್ರ ಜೋಡಿಸುವುದರಲ್ಲೇ ಕಳೆಯಿತು. ಕೊನೆಗೊಂದು ದಿನ ಮ್ಯಾನೇಜರು ಕರೆಸಿದರು. ನನಗಿಂತ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು.

"ನಿಮ್ ಹೆಸ್ರಲ್ಲಿ ಒಂದು ಹಳೇ ಸಾಲ ಕಟ್ಟದೆ ನಿಂತಿದೆ ಮೇಡಂ. ಅದಕ್ಕೇ ನಿಮ್ ಸಾಲದ ಸ್ಕೋರು ತೀರಾ ಕೆಳಗಿದೆ."

"ನಾನು ಕಟ್ಟದೆ ಇರೋ ಸಾಲಾನಾ? ಒಂದ್ ಕಂತೂ ತಪ್ಪಿಲ್ಲ ಕಣ್ರೀ ನಾನು" ಎಂದು ಜೋರು ಮಾಡಿದೆ. ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಸಾಲ ಕೊಟ್ಟ ಕಂಪನಿಯ ಹೆಸರು ತೋರಿಸಿದರು. ಆ ಸಾಲ ನನ್ನದೇ. ಅದರಲ್ಲಿ ಒಂದು ರೂಪಾಯಿಯನ್ನೂ ನಾನು ಮುಟ್ಟಿರಲಿಲ್ಲ, ಅಷ್ಟೇ.

ನಮ್ಮ ಬೀದಿಯ ಹೆಂಗಸರ ಸಂಘದಲ್ಲಿ ಹೆಸರು ಕೊಡುವುದೆಂದರೆ ಕಾಫಿಪುಡಿ ಕೊಟ್ಟಷ್ಟೇ ಸಲೀಸು. ಒಬ್ಬಳಿಗೆ ಹಳೇ ಸಾಲ ತೀರಿರುವುದಿಲ್ಲ, ಕಂಪನಿ ಹೊಸದು ಕೊಡುವುದಿಲ್ಲ. ಆಗ ಇನ್ನೊಬ್ಬಳು ತನ್ನ ಹೆಸರಲ್ಲಿ ತೆಗೆದು ಅವಳ ಕೈಗೆ ಕೊಡುತ್ತಾಳೆ. ಪಕ್ಕದ ಮನೆಯವಳಿಗೆ ಹಸು ಕೊಳ್ಳಬೇಕಿತ್ತು. ನಾನು ಹೆಸರು ಕೊಟ್ಟೆ. ಅವಳು ಹಾಲು ಹಾಕಿ ಹಾಕಿ ಕಂತು ಕಟ್ಟುತ್ತಿದ್ದಳು. ವರ್ಷ ತುಂಬುವುದರೊಳಗೆ ಅವಳ ಗಂಡನಿಗೆ ಕಿಡ್ನಿ ಹೋಯಿತು. ಆಸ್ಪತ್ರೆಗೆಂದು ಹಸು ಮಾರಿದಳು. ಆದರೂ ಅವನು ಉಳಿಯಲಿಲ್ಲ.

ಮೂರನೇ ದಿನ ನಾನು ಅವಳ ಪಕ್ಕ ಕೂತು, "ಕಂತಿನ ಇಚಾರ ಮರ್ತುಬುಡು ಕಣೇ. ಅದು ನಂಗಿರಲಿ" ಎಂದಿದ್ದೆ. ಬಂದ ಹೆಂಗಸರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ವಸೂಲಿಯವನು ಬಂದಾಗ ಬೀದಿಗೆಲ್ಲ ಕೇಳುವ ಹಾಗೆ ಉಗಿದು ಕಳಿಸಿದೆ. ಎರಡು ಮೂರು ಸಲ ಬಂದ, ಆಮೇಲೆ ಬರಲಿಲ್ಲ. ಅಲ್ಲಿಗೆ ಸಾಲ ಸತ್ತಿತು ಎಂದುಕೊಂಡೆವು. ಸಂಘದವರು ನನ್ನ ಗಂಡೆದೆಯನ್ನು ಹೊಗಳಿದ್ದೇ ಹೊಗಳಿದ್ದು. ಅವಳು ತವರೂರು ದಬ್ಬೇಘಟ್ಟಕ್ಕೆ ಹೋದಳು.

"ಬಡ್ಡಿ ಸಮೇತ ಕಟ್ಟಿ, ಬಾಕಿ ಇಲ್ಲ ಅಂತ ಕಂಪನಿಯಿಂದ ಪತ್ರ ತನ್ನಿ. ಗ್ಯಾರಂಟಿ ಇಲ್ಲ, ಆದ್ರೂ ಮೇಲಿನೋರಿಗೆ ಬರೀತೀನಿ" ಎಂದರು ಮ್ಯಾನೇಜರು. ಬಡ್ಡಿ ಸೇರಿ ನಲವತ್ತೆರಡು ಸಾವಿರ. ಗಡುವಿಗೆ ಉಳಿದದ್ದು ಹದಿನೆಂಟು ದಿನ. ಅಡವಿಡಲು ಮೈಮೇಲೆ ಏನೂ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಕೇಳಿದೆ, ನಾದಿನಿಯನ್ನು ಕೇಳಿದೆ, ಹೆಸರಿಗೆ ಅಷ್ಟು ಧಾರಾಳವಾಗಿದ್ದ ಸಂಘದವರನ್ನೂ ಕೇಳಿದೆ. ಯಾರಲ್ಲೂ ಇಲ್ಲ.

"ಅವ್ಳನ್ನೇ ಕೇಳು. ಹಸು ಕಟ್ಟಿದ್ದು ಅವ್ಳು ತಾನೆ?" ಎಂದರು ಗಂಡ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಭಾನುವಾರ ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ದಬ್ಬೇಘಟ್ಟಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅರ್ಧವಾದರೂ ಕೊಡು ಎನ್ನಬೇಕು. ಅಣ್ಣಂದಿರ ಹತ್ತಿರ ಇಸಿದುಕೊಡು ಎನ್ನಬೇಕು. ಅವತ್ತು ನಾನು ಹೇಳಿದ್ದು ಬಾಯಿಮಾತಿಗೆ ಎಂದು ಹೇಗೆ ಹೇಳುವುದು? ಅದನ್ನು ಮಾತ್ರ ಜೋಡಿಸಲು ಆಗಲಿಲ್ಲ.

ಅಣ್ಣನ ಮನೆಯ ಪಕ್ಕದ ಶೀಟಿನ ಕೊಠಡಿಯ ಮುಂದೆ ಕೂತು ಅವಳು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ನನ್ನನ್ನು ಕಂಡದ್ದೇ ಕುಡುಗೋಲು ಕೆಳಗಿಟ್ಟು ಎದ್ದಳು. ಮುಖದಲ್ಲಿ ಅಷ್ಟು ಸಂತೋಷವನ್ನು ಅವಳ ಗಂಡ ಬದುಕಿದ್ದಾಗಲೂ ನಾನು ಕಂಡಿರಲಿಲ್ಲ.

"ಅಕ್ಕಾ, ಗೃಹಪ್ರವೇಶಕ್ಕೆ ಕರೆಯಕ್ಕೆ ಬಂದ್ಯಾ? ಮನೆ ತಗೊಂಡ್ರಂತೆ, ಸಂಘದೋರು ಫೋನಲ್ಲಿ ಹೇಳುದ್ರು."

ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಜೋಡಿಸಿದ್ದು ಒಂದೂ ಬರಲಿಲ್ಲ. "ಇನ್ನೂ ದಿನ ಇಟ್ಟಿಲ್ಲ ಕಣೇ" ಎಂದೆ.

ಕಾಫಿ ಕಾಯಿಸಿ ಕೊಟ್ಟಳು. ನಾನು ಸಾಲ ವಹಿಸಿಕೊಂಡಿದ್ದನ್ನು ಅಣ್ಣಂದಿರಿಗೆಲ್ಲ ಹೇಳಿದ್ದಾಳಂತೆ. ಒಡಹುಟ್ಟಿದೋರು ಮಾಡಲಿಲ್ಲ, ನೀನು ಮಾಡಿದೆ ಎಂದಳು. ಕೇಳು, ಈಗ ಕೇಳು ಎಂದು ಒಳಗೊಳಗೇ ನನ್ನನ್ನು ನಾನೇ ತಿವಿಯುತ್ತಿದ್ದೆ. ಅವಳ ಬೆರಳುಗಳ ತುಂಬ ಗರಿ ಕೊಯ್ದ ಗೆರೆಗಳಿದ್ದವು. ಅಲ್ಲಿ ನಲವತ್ತೆರಡು ಸಾವಿರವಿಲ್ಲ, ನಾಲ್ಕು ಸಾವಿರವೂ ಇಲ್ಲ ಎಂಬುದು ಕುರುಡರಿಗೂ ಕಾಣುವಂತಿತ್ತು.

ಹೊರಡುವಾಗ ತಡೆದು ನಿಲ್ಲಿಸಿ ಒಳಗೆ ಹೋದಳು. ಎರಡು ವೀಳ್ಯದೆಲೆ, ಒಂದು ಅಡಿಕೆ, ಮೇಲೆ ಇನ್ನೂರು ರೂಪಾಯಿಯ ನೋಟು ಹಿಡಿದು ಬಂದಳು.

"ಗೃಹಪ್ರವೇಶದ ಮುಯ್ಯಿ ಅಕ್ಕ. ಆವತ್ತು ಗಂಡ ಹೋದೋಳು ನಾನು ಬಂದು ಎದುರಿಗೆ ನಿಂತ್ರೆ ನಿಮ್ಮ ಮನೇರು ಏನಾದ್ರೂ ಅಂದ್ಕೋತಾರೆ. ಒಳ್ಳೇ ಕೆಲ್ಸ, ನಾನು ಬರದೇ ಇರೋದೇ ವಾಸಿ. ಈಗ್ಲೇ ಇಸ್ಕೊಂಬುಡು."

ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಎರಡೂ ಕೈ ಒಡ್ಡಿ ಇಸಿದುಕೊಂಡೆ. ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ಹುಡುಕಿದೆ, ನನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ. ಗಂಡನಿಗೆ ಮಾತ್ರ, ಕೇಳಿದೆ, ಇಲ್ಲವಂತೆ ಎಂದೆ.

ಗಡುವು ಮುಗಿಯಿತು. ಮುಂಗಡ ಹೋಯಿತು. ಆ ಮನೆಯನ್ನು ಬೇರೆಯವರು ಕೊಂಡು ಬಣ್ಣ ಬಳಿಸಿದ್ದಾರೆ. ಗಂಡ ಬಾಡಿಗೆ ಸಿಕ್ಕರೂ ಆ ರಸ್ತೆಯಲ್ಲಿ ಆಟೋ ಓಡಿಸುವುದಿಲ್ಲ. ಇನ್ನೂರು ರೂಪಾಯಿಯನ್ನು ಎತ್ತಿಡಬೇಕೆಂದಿದ್ದೆ, ಸಂಬಳಕ್ಕೆ ಮುಂಚಿನ ವಾರ ತರಕಾರಿಗೆ ಖರ್ಚಾಯಿತು.

ಮನೆ ಕೈತಪ್ಪಿದ್ದನ್ನು ಅವಳ ಕಿವಿಗೆ ಹಾಕಬೇಡಿ ಎಂದು ಸಂಘದವರಿಗೆ ಹೇಳಿಟ್ಟಿದ್ದೇನೆ. ಹಬ್ಬ ಹುಣ್ಣಿಮೆಗೆ ಅವಳು ಫೋನು ಮಾಡುತ್ತಾಳೆ. ದಿನ ಇಟ್ರಾ ಅಕ್ಕ ಎಂದು ಮರೆಯದೆ ಕೇಳುತ್ತಾಳೆ. ಒಳ್ಳೆಯ ಮುಹೂರ್ತ ಸಿಗುತ್ತಿಲ್ಲ ಕಣೇ ಎನ್ನುತ್ತೇನೆ. ಅವಸರ ಮಾಡಬ್ಯಾಡ, ಒಳ್ಳೇದು ನೋಡಿಯೇ ಇಡ್ಸು ಎನ್ನುತ್ತಾಳೆ.