ಹಳೇ ಹಡಗಿನಲ್ಲಿ ಹಪ್ಪಳ

ಅಟ್ಲಾಂಟಿಕ್ ದಾಟುವ ಹಡಗಿನ ಪ್ರವಾಸಕ್ಕೆ ಬುಕ್ ಮಾಡುವುದೋ ಬೇಡವೋ ಎಂದು ನಾನೂ ಹೆಂಡತಿಯೂ ಶಿರಸಿಯ ಟ್ರಾವೆಲ್ಸಿನಲ್ಲಿ ಕೂತಿದ್ದೆವು. ಹಡಗಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ನಡುನೀರಲ್ಲಿ ಕೈಕೊಟ್ಟರೆ ಎಂಬ ಚಿಂತೆ ನನಗೆ. ಅವಳು ಮಾತ್ರ ಫೋಟೋದಲ್ಲಿದ್ದ ಖಾಲಿ ಡೆಕ್ಕನ್ನೇ ನೋಡುತ್ತಿದ್ದಳು.

"ಎಂತಾ ಬಿಸಿಲು! ಹಲಸಿನ ಹಪ್ಪಳ ಎರಡೇ ದಿನಕ್ಕೆ ಒಣಗ್ತು. ಹೊಸ ಹಡಗಲ್ಲಿ ಇಷ್ಟು ಜಾಗ ಇಲ್ಲೆ."

ನನಗೆ ರೇಗಿತು. ಬೇಸಿಗೆಯಿಡೀ ಅಂಗಳದಲ್ಲಿ ಕೋಲು ಹಿಡಿದು ಕೂತು, ಅವಳ ಹಪ್ಪಳಕ್ಕೆ ಬರುವ ಕಾಗೆ ಓಡಿಸುವವನು ನಾನು. "ಕಾಗೆ ಕಾಯಲೆ ಅಟ್ಲಾಂಟಿಕ್ಕಿಗೆ ಹೋಪದಾ?" ಎಂದೆ.

ಅವಳು ಏಜೆಂಟನತ್ತ ತಿರುಗಿ, "ಸಮುದ್ರದ ಮಧ್ಯ ಕಾಗೆ ಇರ್ತಾ?" ಎಂದು ಕೇಳಿದಳು.

"ಒಂದೂ ಇರೋದಿಲ್ಲ ಅಕ್ಕಾ."

ಸದ್ಯ, ಬದುಕಿದೆ ಅಂದುಕೊಂಡೆ.

"ಹಂಗಾರೆ ಒಂದೇ ಟಿಕೆಟ್ ಸಾಕು" ಎಂದಳು.