ಶಮೀಮಕ್ಕ ಸರಿಸುತ್ತಿದ್ದ ಒಂದು ತಾಸು

ಆ ಗುರುವಾರ ಸಂಜೆ ಆಫೀಸಿನಲ್ಲಿ ಶಮೀಮಕ್ಕ ಎಂದಿನಂತೆ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಎದ್ದು ನಿಂತರು. ಎದುರಿನ ಸಾಲಿನಲ್ಲಿ ಬಸವರಾಜ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದ. ಅವನನ್ನು ಅರ್ಧಕ್ಕೇ ತಡೆದು, "ಯಾರ ಮಷೀನು ಇನ್ನೂ ಓಡಾಕತ್ತದ? ಲಗೂನ ಹೇಳ್ರಿ, ಮಾನ್ವಿ ಬಸ್ಸು ನನ್ನ ಸಲುವಾಗಿ ನಿಲ್ಲಂಗಿಲ್ಲ" ಅಂದರು. ನಾನು ಕೈ ಎತ್ತಿದೆ. ಬಸವರಾಜ ಎತ್ತಲಿಲ್ಲ. "ನಿಂದು ಮುಗದದೋ, ಇಲ್ಲಾ ಮದಿವಿ ಊಟದಾಗ ಮರತೀಯೋ?" ಎಂದು ಅವನನ್ನು ಚುಚ್ಚಿ, ಮೆಟ್ಟಿಲಿಳಿದು ಹೋದರು. ಮರುದಿನ ನಸುಕಿನಲ್ಲಿ ಮಾನ್ವಿಯ ತಮ್ಮ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು.

ನಮ್ಮದು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಆಫೀಸು. ಅಕ್ಕಿ ಗಿರಣಿ, ಹತ್ತಿ ಮಿಲ್ಲುಗಳ ತೂಕ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಮೇಜಿನ ಮೇಲಿರುವುದು ಬರೀ ಪರದೆ ಮತ್ತು ಕೀಬೋರ್ಡು. ನಿಜವಾದ ಕಂಪ್ಯೂಟರುಗಳು ಎಲ್ಲೋ ದೂರದಲ್ಲಿವೆ. ಇಂಟರ್ನೆಟ್ಟಿನ ಮೂಲಕ ಅವುಗಳೊಳಗೆ ಹೋಗಿ ಕೆಲಸ ಮಾಡಬೇಕು. ಕ್ಲೌಡ್ ಮಷೀನು ಅನ್ನುತ್ತೇವೆ. ಎಲ್ಲವೂ ಬಾಡಿಗೆಯವು. ಬಾಡಿಗೆ ಸುಮ್ಮನೆ ಏರಬಾರದೆಂದು ದಿನಾ ಸಂಜೆ ಆರೂವರೆಗೆ ತಾವಾಗಿಯೇ ಬಂದ್ ಆಗುವಂತೆ ಇಟ್ಟಿದ್ದಾರೆ. ಬಂದ್ ಆಗುವ ಮುಂಚೆ ಪರದೆಯ ಮೇಲೆ ಸೂಚನೆ ಬರುತ್ತದೆ. ಮುಂದೆ ಕುಳಿತವರು ಗುಂಡಿ ಒತ್ತಿದರೆ ಒಂದು ತಾಸು ಮುಂದಕ್ಕೆ ಹೋಗುತ್ತದೆ.

ಆದರೆ ಕುಳಿತಿರಬೇಕಲ್ಲ. ನಾನು ದೇವದುರ್ಗದ ಬಸ್ಸು ಹಿಡಿಯಬೇಕು. ನನ್ನ ಕೆಲಸ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವುದು. ಒಂದೊಂದು ಪರೀಕ್ಷೆ ಮಧ್ಯಾಹ್ನ ಶುರುವಾದರೆ ರಾತ್ರಿಯವರೆಗೆ ಓಡುತ್ತದೆ. ನಡುವೆ ಮಷೀನು ನಿಂತರೆ ಎಲ್ಲ ಹಾಳು, ಮತ್ತೆ ಮೊದಲಿನಿಂದ. ನನಗಿಂತ ಮುಂಚೆ ದೇವದುರ್ಗದಿಂದ ಬರುತ್ತಿದ್ದ ಹುಡುಗಿ ಇದೇ ಕಾರಣಕ್ಕೆ ಕೆಲಸ ಬಿಟ್ಟಳಂತೆ. ರಾಯಚೂರಿನಲ್ಲಿ ರೂಮು ಮಾಡುವ ಸ್ಥಿತಿ ನನ್ನದೂ ಅಲ್ಲ. ಬಸ್ಸು ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂಬಂತಿತ್ತು.

ಎರಡನ್ನೂ ಬಿಡದಂತೆ ಮಾಡಿದವರು ಶಮೀಮಕ್ಕ. ಆ ಹುಡುಗಿ ಹೋದ ಮೇಲೆ ಅವರು ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದರು. ಅದು ಸಂಜೆ ಒಂದೊಂದೇ ಮಷೀನನ್ನು, ನೀನು ಯಾವಾಗ ಬಂದ್ ಆಗುತ್ತೀ ಎಂದು ಕೇಳುತ್ತದೆ. ಕೈ ಎತ್ತಿದವರ ಮಷೀನಾದರೆ ಆ ಹೊತ್ತನ್ನು ಒಂದು ತಾಸು ಸರಿಸುತ್ತದೆ. ತಾಸು ಮುಗಿಯುವ ಮೊದಲು ಮತ್ತೆ ನೋಡುತ್ತದೆ. ಕೆಲಸ ಉಳಿದಿದ್ದರೆ ಇನ್ನೊಂದು ತಾಸು, ಮುಗಿದಿದ್ದರೆ ಮಷೀನು ತನ್ನ ಪಾಡಿಗೆ ಮಲಗುತ್ತದೆ.

ತಮಾಷೆಯೆಂದರೆ, ಮುಂದೂಡುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಒಂದು ಗಂಟೆಗೆ ಊಟವೆಂದರೆ ಒಂದು ಗಂಟೆಗೇ ಡಬ್ಬಿ ತೆರೆಯುತ್ತಿತ್ತು. ರಂಜಾನಿನ ಬಟ್ಟೆಯನ್ನು ದರ್ಜಿಗೆ ಎಲ್ಲರಿಗಿಂತ ಮುಂಚೆ ಕೊಟ್ಟು, ಅವನನ್ನು ದಿನಾ ಫೋನಿನಲ್ಲಿ ಕಾಡುತ್ತಿದ್ದರು. ಯಾರಾದರೂ "ಆಮ್ಯಾಗ ಮಾಡ್ತೀನಿ" ಅಂದರೆ, "ಆಮ್ಯಾಗ ಅಂದ್ರ ಎಷ್ಟಕ್ಕ? ಟೈಮ್ ಹೇಳು" ಅನ್ನುವರು. ಟೈಮು ಹೇಳಿದರೆ ಸುಮ್ಮನಾಗುವರು. ಎಷ್ಟಾದರೂ ಸರಿಸು, ಎಷ್ಟು ಗಂಟೆಗೆ ಸರಿಸಿದೆ ಎಂದು ಹೇಳು, ಇಷ್ಟೇ ಅವರ ಕರಾರು. ಅವರ ಪ್ರೋಗ್ರಾಮಿನ ನಡತೆಯೂ ಅದೇ ಆಗಿತ್ತು.

ಅದನ್ನು ಮೊದಲ ಸಲ ಓಡಿಸಿದ ದಿನ ಮಷೀನುಗಳು ನಡುರಾತ್ರಿ ದಾಟಿದರೂ ನಿಲ್ಲಲಿಲ್ಲವಂತೆ. ಬೆಳಿಗ್ಗೆ ನಮ್ಮ ಮ್ಯಾನೇಜರ್ ರೆಡ್ಡಿ ಸರ್ ಮುಖ ಗಂಟು ಹಾಕಿಕೊಂಡು ಬಂದರು. ಯಾರು ಮಾಡಿದ್ದು ಎಂದು ಕೇಳುವ ಮೊದಲೇ ಶಮೀಮಕ್ಕ ಎದ್ದು ನಿಂತರು.

"ತಪ್ಪು ನಂದರಿ ಸರ್. ನಾ ರಾಯಚೂರ ಟೈಮ್ ಹೇಳೀನಿ, ಅದು ಲಂಡನ್ ಟೈಮ್ ಅಂತ ತಿಳಕೊಂಡದ. ಐದೂವರಿ ತಾಸು ಫರಕ್ ಬಿದ್ದದ."

"ಆ ಬಾಡಿಗಿ ಲಂಡನ್‌ನೋರು ಕೊಡ್ತಾರೇನಮ್ಮಾ?" ಎಂದರು ರೆಡ್ಡಿ ಸರ್.

"ಅವರ ನಂಬರ್ ಇದ್ರ ಕೊಡ್ರಿ, ಕೇಳ್ತೀನಿ."

ರೆಡ್ಡಿ ಸರ್ ನಕ್ಕುಬಿಟ್ಟರಂತೆ. ಮಧ್ಯಾಹ್ನ ಶಮೀಮಕ್ಕ ಎಲ್ಲರಿಗೂ ಮಿರ್ಚಿ ಭಜಿ ತರಿಸಿ, ಪ್ರೋಗ್ರಾಮಿನ ಆ ಸಾಲನ್ನು ತಿದ್ದಿದರು. ಈ ಕತೆಯನ್ನು ನನಗೆ ಹೇಳಿದ್ದೂ ಅವರೇ. ಹೊಸಬರಿಗೆಲ್ಲ ಮೊದಲು ತಮ್ಮ ತಪ್ಪನ್ನೇ ಪಾಠ ಮಾಡುತ್ತಿದ್ದರು.

ನನ್ನನ್ನು ಮೊದಲು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಕೊನೆಯಲ್ಲಿ ಒಂದು ಹತ್ತಿ ಮಿಲ್ಲಿನ ಸಾಫ್ಟ್‌ವೇರು ಬಂತು. ಮರುದಿನ ಬೆಳಿಗ್ಗೆ ಫಲಿತಾಂಶ ಕೊಟ್ಟರೆ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ ಎಂದರು ರೆಡ್ಡಿ ಸರ್. ಸಂಜೆಯಾದರೂ ಪರೀಕ್ಷೆ ಅರ್ಧವೂ ಆಗಿರಲಿಲ್ಲ. ನಾನು ಕೈ ಎತ್ತಿದೆ. ಶಮೀಮಕ್ಕ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಇವತ್ತ ನಾ ಮಾಡಂಗಿಲ್ಲ. ನಿನ್ನ ಮಷೀನಿಂದು ನೀನ ಬರಿ."

"ಅಕ್ಕಾ, ನನಗ ಬರಂಗಿಲ್ಲರಿ. ನಾ ಓದಿದ್ದು ಬಿಕಾಂ."

"ನಾನೇನ್ ಹುಟ್ಟಿದಾಗ ಕಲತಿದ್ದೆನಬೇ? ಬರಿ. ತಪ್ಪಿದ್ರ ನಾ ಇದ್ದೀನಿ."

ಅವರು ಹೇಳಿಕೊಡಲಿಲ್ಲ, ನಾನು ತಪ್ಪಿದಾಗ "ಊಂಹೂಂ" ಅಂದರಷ್ಟೇ. ಅವರ ಪ್ರೋಗ್ರಾಮಿನಲ್ಲಿ ನನ್ನ ಮಷೀನಿಗಾಗಿ ನಾನು ಬರೆದದ್ದು ಆರೇಳು ಸಾಲು. ಬಂದ್ ಆಗುವ ಹೊತ್ತು ಏಳೂವರೆಗೆ ಸರಿದಿದೆ ಎಂದು ಪರದೆಯ ಮೇಲೆ ಬಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಅವತ್ತು ಅವರ ಮಾನ್ವಿ ಬಸ್ಸು ತಪ್ಪಿತ್ತು. ಅದರ ಮಾತೇ ಆಡಲಿಲ್ಲ. ನಾನು ದೇವದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ದಾರಿಯುದ್ದಕ್ಕೂ ಹೆದರಿಕೊಂಡೇ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಪರೀಕ್ಷೆ ಮುಗಿದಿತ್ತು, ಮಷೀನು ತಾನಾಗಿ ಬಂದ್ ಆಗಿತ್ತು. ನನ್ನ ಕೆಲಸ ಉಳಿಯಿತು. ಶಮೀಮಕ್ಕ ನನ್ನ ಮುಖ ನೋಡಿ, "ಆತಲ್ಲ? ಮಾರಿ ತೊಳಕೊಂಡು ಚಾ ಕುಡಿ" ಅಂದರು. ನಾನು ಅತ್ತದ್ದು ಅವರಿಗೆ ಕಂಡಿತ್ತೆಂದು ತೋರುತ್ತದೆ.

ಅವರು ಹೋದ ಮೇಲೆ ಒಂದು ತೊಡಕು ಬಂತು. ಆ ಪ್ರೋಗ್ರಾಮ್ ಓಡುತ್ತಿದ್ದುದು ಅವರ ಹೆಸರಿನ ಖಾತೆಯಿಂದ. ಇಲ್ಲದವರ ಖಾತೆ ಮುಚ್ಚಬೇಕೆಂಬುದು ನಿಯಮ. ಮುಚ್ಚಿದ ದಿನ ಮಷೀನುಗಳು ಅದರ ಮಾತು ಕೇಳುವುದಿಲ್ಲ, ಬಸ್ಸು ಹಿಡಿಯುವ ನಾವೆಲ್ಲ ಮತ್ತೆ ಮೊದಲಿನ ಸ್ಥಿತಿಗೆ.

"ಆ ಆರೂವರಿ ಬಂದ್ ಅನ್ನೋದ ತೆಗಸಿಬಿಡ್ರಿ ಸರ್, ತ್ರಾಸ ಇರಂಗಿಲ್ಲ" ಎಂದ ಬಸವರಾಜ.

"ತೆಗಸ್ತೀನಿ, ನಿನ್ನ ಪಗಾರದಾಗ ಹಿಡೀತೀನಿ" ಎಂದರು ರೆಡ್ಡಿ ಸರ್.

ನಾನು ಬರೆಯುತ್ತೇನೆ ಎಂದೆ. ಆಫೀಸಿನ ಹೆಸರಿನಲ್ಲಿ ಬೇರೆ ಖಾತೆ ಮಾಡಿಸಿಕೊಂಡು, ಅವರ ಒಂದೊಂದು ಸಾಲನ್ನೂ ಓದಿ, ತಿಳಿದುಕೊಂಡು, ಮತ್ತೆ ಬರೆದೆ. ಅವರ ಖಾತೆ ಮುಚ್ಚಿದ ಸಂಜೆ ಮೂರು ಮಷೀನುಗಳು ಆರೂವರೆ ದಾಟಿ ಓಡಿದವು. ಯಾರ ಪರೀಕ್ಷೆಯೂ ಹಾಳಾಗಲಿಲ್ಲ.

ಅವರ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಮಾನ್ವಿಗೆ ಹೋದೆ. ಅವರ ತಂಗಿ ನನ್ನನ್ನು ಒಳಗೆ ಕರೆದು ಕೂಡಿಸಿ, ಊರು ಯಾವುದೆಂದು ಕೇಳಿದರು. ದೇವದುರ್ಗ ಎಂದೆ.

"ಅರೆ, ನೀವೇನ ಆ ದೇವದುರ್ಗದ ಹುಡುಗಿ?" ಎಂದರು. "ಮನಿಗೆ ಬಂದ ಮ್ಯಾಗೂ ಅಕ್ಕ ಫೋನ್ ಹಿಡಕೊಂಡೇ ಕುಂದರ್ತಿದ್ದಳರಿ. ಊಟಕ್ಕ ಬಾ ಅಂದ್ರ ಬರ್ತಿರಲಿಲ್ಲ. ಆಮ್ಯಾಗ ತಾನ ಎದ್ದು ಬರ್ತಿದ್ದಳು. 'ದೇವದುರ್ಗದ ಹುಡುಗೀದು ಮುಗೀತು, ಈಗ ಹಾಕು' ಅಂತಿದ್ದಳು."

ಪ್ರೋಗ್ರಾಮ್ ನೋಡಿಕೊಳ್ಳುತ್ತದೆ, ಯಾರೂ ಕಾಯಬೇಕಿಲ್ಲ ಎಂದು ನಮಗೆಲ್ಲ ಹೇಳಿದ್ದವರು ಅವರೇ. ತಂಗಿ ತಟ್ಟೆಗೆ ಬಡಿಸಿದ್ದನ್ನು ಪೂರ್ತಿ ಉಂಡೆ.

ಪ್ರೋಗ್ರಾಮ್ ಈಗಲೂ ದಿನಾ ಓಡುತ್ತಿದೆ. ನನ್ನ ಪರೀಕ್ಷೆಗಳು ರಾತ್ರಿ ಮುಗಿಯುತ್ತವೆ. ಮುಗಿಯಿತೆಂದು ನೋಡಿ ಊಟಕ್ಕೆ ಏಳುವವರು ಇಲ್ಲ.