ಗೂಳಿ ಸೀನನ ಹಸಿರು ಮುಖ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಬೋರ್ಡು ಬರೆಯುತ್ತಿದ್ದ ಭೀಮರಾಜನ ಕೈಯಲ್ಲಿ ನನ್ನ ಸ್ಕೂಟರಿನ ನಂಬರೂ ಸುಂದರವಾಗಿ ಕಾಣುತ್ತಿತ್ತು. ಸ್ಕೂಟರು ಓಡುತ್ತಿರಲಿಲ್ಲ, ಅದು ಬೇರೆ ಮಾತು. ಅಂಬೇಡ್ಕರ್ ಜಯಂತಿ ಬಂತೆಂದರೆ ಸುತ್ತಲ ಊರುಗಳಿಗೆಲ್ಲ ಬಾಬಾಸಾಹೇಬರ ಚಿತ್ರ ಅವನದೇ. ಮುಖವೆಲ್ಲ ಮುಗಿದ ಮೇಲೆ, ಮಿಂದು ಬಂದು ಕಣ್ಣು ಬರೆಯುತ್ತಿದ್ದ.

“ಕಣ್ಣಿಟ್ಟ ಮೇಲೆ ಅವರು ನಮ್ಮನ್ನ ನೋಡ್ತಾರೆ ಸಾ. ಹುಷಾರಾಗಿರಬೇಕು” ಎನ್ನುತ್ತಿದ್ದ.

ಅವನ ಬಾವ ಸಣ್ಣಯ್ಯ ಆಟೋ ಓಡಿಸುತ್ತಿದ್ದವನು. ತೊಂಬತ್ತೇಳರಲ್ಲಿ ಗೂಳಿ ಸೀನನೆಂಬ ರೌಡಿ ಜಾವಗಲ್ಲಿಗೆ ಬಾಡಿಗೆ ಮಾತಾಡಿ ಹತ್ತಿದ. ದಾರಿಯಲ್ಲಿ ಸಣ್ಣಯ್ಯನನ್ನು ಇರಿದು ಕೊಂದು ಆಟೋ ಹೊಡೆದುಕೊಂಡು ಹೋದ. ಸಣ್ಣಯ್ಯನ ಹೆಂಡತಿ, ಅಂದರೆ ಭೀಮರಾಜನ ಅಕ್ಕ ಹನುಮಮ್ಮ, ಹೊಟ್ಟೆಪಾಡಿಗೆ ಆಟೋ ಸ್ಟ್ಯಾಂಡಿನ ಎದುರು ಇಡ್ಲಿ ಮಾರಲು ಕೂತಳು.

ಸೀನ ಸಿಕ್ಕಿಬಿದ್ದ. ಅವನಿಗೆ ಯಾವ ತಿಂಡಿ ಇಷ್ಟ, ಯಾವ ಬಣ್ಣದ ಅಂಗಿ ಇಷ್ಟ ಎಂದು ವಾರಪತ್ರಿಕೆಗಳು ಬರೆದವು. ಜಾಮೀನಿನ ಮೇಲೆ ಹೊರಬಂದಾಗ ಹಾರ ಹಾಕಿದರು. ಕಡೆಗೆ ಸ್ಟ್ಯಾಂಡಿನ ಹುಡುಗರಿಗೂ ಆಟೋ ಹಿಂದೆ ಅವನ ಮುಖವೇ ಬೇಕಾಯಿತು. ಮೊದಲು ಬಂದವನು ಉಮೇಶ.

“ಥೂ! ನಿಮ್ಮಂಥ ಡ್ರೈವರನ್ನೇ ಕೊಂದೋನು ಕಣ್ಲಾ ಅವನು!” ಎಂದ ಭೀಮರಾಜ.

“ಅದಕ್ಕೇ ಅಣ್ಣ, ಅವನ ಫೋಟೋ ಇದ್ರೆ ಯಾರೂ ನಮ್ ತಂಟೆಗೆ ಬರಲ್ಲ. ನೀನು ಬರೀದಿದ್ರೆ ತಿಪಟೂರಲ್ಲಿ ಬರೀತಾರೆ, ಬಿಡು.”

ತಿಪಟೂರಿನವನು ಬರೆದರೆ ಸೀನ ಚೆಂದ ಕಂಡಾನು. ತಾನೇ ಬರೆದರೆ ನೋಡಿದವರು ಉಗಿಯುವ ಹಾಗೆ ಬರೆಯಬಹುದು, ಅಕ್ಕನ ಕಣ್ಣೆದುರಿನಿಂದ ಆ ಮುಖ ತಾನಾಗಿ ತೊಲಗುತ್ತದೆ. ಭೀಮರಾಜನ ಲೆಕ್ಕ ಇದು. ಅಂಗಡಿ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರನ್ನು ಸೀನನ ಮುಖಕ್ಕೆ ಮೆತ್ತಿದ. ತುಟಿಗೆ ಬಳೆ ಅಂಗಡಿ ಬೋರ್ಡಿನ ಗುಲಾಬಿ, ಕೂದಲಿಗೆ ಹಳದಿ. ಕೊಲೆಗಾರನಿಗೆ ಕಣ್ಣಿಡಲು ಮನಸ್ಸು ಬಾರದೆ, ಆ ಜಾಗದಲ್ಲಿ ಎರಡು ಕಪ್ಪು ಗುಂಡು ಬಳಿದ.

“ಕೂಲಿಂಗ್ ಗ್ಲಾಸು! ಸೂಪರ್ ಅಣ್ಣ!” ಎಂದು ಉಮೇಶ ಕುಣಿದುಬಿಟ್ಟ.

ಒಂದು ತಿಂಗಳೊಳಗೆ ಸ್ಟ್ಯಾಂಡಿನ ತುಂಬ ಹಸಿರು ಸೀನರು. ಬಸ್ ಸ್ಟ್ಯಾಂಡಿನಲ್ಲಿ ಕಪ್ಪು ಕನ್ನಡಕ ಖಾಲಿಯಾದವು. ಹಳೇಬೀಡಿನಲ್ಲಿ ಕಲ್ಲಿನ ಶಿಲ್ಪ ನೋಡಲು ಬಂದ ವಿದೇಶಿಯೊಬ್ಬ ಅದಕ್ಕೆ ಬೆನ್ನು ತಿರುಗಿಸಿ ಆಟೋದ ಫೋಟೋ ಹೊಡೆದುಕೊಂಡನಂತೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಸುಮ್ಮನಿರಲಾರದೆ, “ಭೀಮರಾಜ, ಹೆಸರಾದವರ ಮುಖಕ್ಕೆ ಹೀಗೆ ಕಣ್ಣುಕುಕ್ಕೋ ಬಣ್ಣ ಬಳಿಯೋದಕ್ಕೆ ಅಮೆರಿಕದಲ್ಲಿ ಪಾಪ್ ಆರ್ಟ್ ಅಂತಾರೆ ಕಣಯ್ಯ” ಎಂದೆ. ಅವನು ಎಲೆಅಡಿಕೆ ಉಗಿದ. ನನ್ನ ಚಪ್ಪಲಿಗೆ ಸ್ವಲ್ಪ ಹತ್ತಿರದಲ್ಲೇ ಬಿತ್ತು.

ಆ ಸಂಜೆ ಹನುಮಮ್ಮ ತಮ್ಮನ ಅಂಗಡಿಗೆ ಬಂದಳು. ನಾನು ಅಲ್ಲೇ ಇದ್ದೆ.

“ದಿನಾ ಬೆಳಗಾದ್ರೆ ಆ ಮೂತಿ ಮುಂದೆ ಕೂತು ಇಡ್ಲಿ ಬಡಿಸ್ತೀನಿ. ನಿಮ್ ಬಾವನ ಮೊಗ ಊರಲ್ಲಿ ಒಂದ್ ಕಡೆನಾದ್ರೂ ಐತೇನ್ಲಾ?”

ಭೀಮರಾಜ ಮಾರನೆಯ ದಿನ ಸ್ಟ್ಯಾಂಡಿಗೆ ಎದುರಾಗಿದ್ದ ತನ್ನ ಅಂಗಡಿಯ ತಗಡಿನ ಬಾಗಿಲ ಮೇಲೆ ಸಣ್ಣಯ್ಯನನ್ನು ಬರೆಯತೊಡಗಿದ. ಖಾಕಿ ಅಂಗಿ, ಕಿವಿಗೆ ಸಿಕ್ಕಿಸಿದ ಬೀಡಿ, ಚಿಲ್ಲರೆ ಇಲ್ಲವೆನ್ನುವಾಗಿನ ಆ ಪೆಚ್ಚು ನಗೆ. ಕೊನೆಗೆ ಮಿಂದು ಬಂದು ಕಣ್ಣಿಟ್ಟ. ಹನುಮಮ್ಮ ಇಡ್ಲಿ ಪಾತ್ರೆಯನ್ನು ಆ ಬಾಗಿಲಿನ ಪಕ್ಕಕ್ಕೇ ತಂದಿಟ್ಟುಕೊಂಡಳು.

ಮೊದಲ ಗಿರಾಕಿ ಉಮೇಶನೇ. ಕಪ್ಪು ಕನ್ನಡಕ ಹಣೆಗೇರಿಸಿ ಚಿತ್ರ ನೋಡಿದ. ಅವನು ಸ್ಟ್ಯಾಂಡಿಗೆ ಬಂದದ್ದು ಸಣ್ಣಯ್ಯ ಸತ್ತ ಮೇಲೆ.

“ಯಾರಕ್ಕ ಇವನು? ಎಷ್ಟು ಮರ್ಡರ್ ಮಾಡವ್ನೆ?”

“ಒಂದೂ ಇಲ್ಲ ಕಣಪ್ಪ.”

“ಮತ್ತ್ಯಾಕೆ ಬರೆಸಿದ್ರಿ?” ಎಂದವನೇ ತಟ್ಟೆ ಚಾಚಿದ. “ಚಟ್ನಿ ಜಾಸ್ತಿ ಹಾಕಕ್ಕ.”

ಹನುಮಮ್ಮ ಸೌಟನ್ನು ಚಟ್ನಿಗೆ ಹಾಕಿ ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದಳು.

“ಮುಗೀತು. ಹೋಗು.”

ಮುಚ್ಚಳದಡಿ ಪಾತ್ರೆ ತುಂಬ ಇಡ್ಲಿ ಹಬೆಯಾಡುತ್ತಿತ್ತು.